ಗೋಡೆಯಂಚಿನ ಹುಳು

ಬಿಸಿಯಾದ ಕಂಪ್ಯೂಟರಿನ ಧೂಳು, ಚೆಂಡುಹೂವು, ಲೋಬಾನದ ಹೊಗೆ. ಈ ಮೂರೂ ಕೂಡಿದ ವಾಸನೆ ವರ್ಷಕ್ಕೆ ಒಂದೇ ದಿನ, ನಮ್ಮ ಕಡೆ ಖಂಡೇಪೂಜೆ ಎನ್ನುವ ಆಯುಧಪೂಜೆಯ ದಿನ, ಇಂಡಿಯ ಬಸ್‌ಸ್ಟ್ಯಾಂಡಿನ ಹಿಂದಿರುವ ನಮ್ಮ ಗೇಮಿಂಗ್ ಸೆಂಟರಿನಲ್ಲಿ ಹುಟ್ಟುತ್ತದೆ. ಈ ಸಲವೂ ಹುಟ್ಟಿತು. ಆಟಕ್ಕೆ ಬರುವ ಹುಡುಗರು ಪೇಢೆ ತಿನ್ನುತ್ತ, ಕೀಬೋರ್ಡಿಗೆ ಹಚ್ಚಿದ ಕುಂಕುಮ ಬೆರಳಿಗೆ ಹತ್ತಿತೆಂದು ನಗುತ್ತಿದ್ದರು. ನಾನು ಮಾತ್ರ ಪೇಢೆ ಮುಟ್ಟಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ದಸರೆ ಆ ವಾಸನೆಯೊಳಗೆ ಕೂತುಬಿಟ್ಟಿದೆ. ಎಷ್ಟು ಎಬ್ಬಿಸಿದರೂ ಏಳುವುದಿಲ್ಲ.

ಸೆಂಟರ್ ನಡೆಸುವವರು ನಾವಿಬ್ಬರು, ನಾನು ಮತ್ತು ದಸ್ತಗೀರ. ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಮಷೀನು ಬಿಚ್ಚಿ ಜೋಡಿಸುವುದು ಅವನ ಪಾಲು, ಗಿರಾಕಿಗಳ ಮೇಲೆ ಸಿಡುಕುವುದು ನನ್ನ ಪಾಲು. ನಮ್ಮಲ್ಲಿ ಒಂದು ಪದ್ಧತಿ ಇದೆ, ಹೊರಗಿನವರು ಕೇಳಿದರೆ ನಗುತ್ತಾರೆ. ಪರದೆಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ನಾವು ವರ್ಷಕ್ಕೊಮ್ಮೆ, ಖಂಡೇಪೂಜೆಯ ದಿನವೇ ಹೊಸದು ಮಾಡುತ್ತೇವೆ. ಡ್ರೈವರ್ ಎಂದರೆ ಆಟಕ್ಕೂ ಕಾರ್ಡಿಗೂ ನಡುವೆ ನಿಂತು ಮಾತು ಮುಟ್ಟಿಸುವ ಸಾಫ್ಟ್‌ವೇರ್. ಕಂಪನಿಯವರು ಮೇಲಿಂದ ಮೇಲೆ ಹೊಸದನ್ನು ಬಿಡುತ್ತಲೇ ಇರುತ್ತಾರೆ. ಮೊದಮೊದಲು ನಾವೂ ಬಂದದ್ದನ್ನೆಲ್ಲ ಹಾಕಿಕೊಂಡು, ಒಮ್ಮೆ ಎಲ್ಲ ಪರದೆಗಳೂ ಕಪ್ಪಾಗಿ ಕೈಕಟ್ಟಿ ಕೂತಿದ್ದೆವು. ಅದನ್ನು ನೋಡಿದ ನನ್ನ ತಾಯಿ, ಒಕ್ಕಲುತನದವರು ನೇಗಿಲು ಕೂರಿಗೆಗಳನ್ನು ವರ್ಷಕ್ಕೊಮ್ಮೆ ತೊಳೆದು ಪೂಜೆ ಮಾಡುತ್ತಾರೆ, ನೀವು ದಿನಾ ಯಾಕೆ ಕೆದಕುತ್ತೀರಿ ಎಂದಳು. ಅಂದಿನಿಂದ ಅದೇ ಕಾಯಂ ಆಯಿತು. ಅವಳದೇ ಇನ್ನೊಂದು ಕಟ್ಟಳೆ: ಪೂಜೆಗೆ ಇಟ್ಟ ಸಾಮಾನನ್ನು ಮರುದಿನದ ಆರತಿಯಾದ ಮೇಲೆ ಎತ್ತಬಹುದು, ಆದರೆ ಆ ದಿನ ಊರ ಗಡಿ ದಾಟುವ ತನಕ ಚಾಲೂ ಮಾಡಬಾರದು. ವಿಜಯದಶಮಿಯ ದಿನ ಸೀಮೆ ದಾಟಿದ ಮೇಲೆಯೇ ಆಯುಧಕ್ಕೆ ಕೆಲಸ ಎನ್ನುವುದು ಅವಳ ತವರುಮನೆಯ ಲೆಕ್ಕ.

ರೇಶ್ಮಾ ದಸ್ತಗೀರನ ಅಕ್ಕನ ಮಗಳು. ಸಾಲೋಟಗಿಯಿಂದ ಸ್ಕೂಟಿಯ ಮೇಲೆ ಬಂದು ಇಂಡಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನೇರ ನಮ್ಮಲ್ಲಿಗೆ. ಐದೈದು ಜನರ ಎರಡು ತಂಡಗಳು ಒಂದು ಪಾಳುಬಿದ್ದ ಪಟ್ಟಣದಲ್ಲಿ ಬಂದೂಕು ಹಿಡಿದು ಕಾದಾಡುವ ಆಟ ಅದು. ನಮ್ಮ ತಂಡದಲ್ಲಿ ದೂರದ ಗುರಿ ಅವಳದು. ಅವಳ ಆಟದಲ್ಲಿ ಒಂದು ವಿಚಿತ್ರವಿತ್ತು. ಮೌಸನ್ನು ಒಂದು ಕಡೆ ನಿಲ್ಲಿಸುತ್ತಿರಲಿಲ್ಲ. ದೂರದ ಯಾವುದೋ ಮಾಳಿಗೆಯ ಅಂಚಿನ ಮೇಲೆ ಗುರಿಯನ್ನು ಮೆಲ್ಲಗೆ ಅತ್ತಿತ್ತ ತೂಗುತ್ತ ಹೋಗಿ, ಒಂದು ಕಡೆ ಗಪ್ಪನೆ ನಿಲ್ಲಿಸುತ್ತಿದ್ದಳು. ತುಸು ಹೊತ್ತಿನಲ್ಲಿ ಅಲ್ಲಿಂದಲೇ ಒಂದು ತಲೆ ಏಳುತ್ತಿತ್ತು, ಎದ್ದದ್ದೇ ಬೀಳುತ್ತಿತ್ತು. ನಾವು ಇದನ್ನು ಕೈಚಳಕ ಎಂದುಕೊಂಡು ಬೀಗುತ್ತಿದ್ದೆವು.

ಆ ವರ್ಷ ಹಿಂಗಾರು ಮಳೆ ಹಟ ಹಿಡಿದಿತ್ತು. ಎರೆಭೂಮಿಯಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಜೋಳ ಬಿತ್ತುವವರು ಆಕಾಶ ನೋಡುತ್ತ ಕೂತಿದ್ದರು, ಕರೆಂಟು ತನಗೆ ತಿಳಿದಾಗ ಬರುತ್ತಿತ್ತು. ಇದರ ನಡುವೆಯೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಸೆಂಟರುಗಳವರು ಕೂಡಿ ಒಂದು ಸ್ಪರ್ಧೆ ಇಟ್ಟುಕೊಂಡಿದ್ದೆವು. ಸಿಂದಗಿಯಲ್ಲಿ ನಡೆದ ಸುತ್ತಿನಲ್ಲಿ ನಾವು ಮುದ್ದೇಬಿಹಾಳದವರನ್ನು ಸೋಲಿಸಿದೆವು. ಸೋಲಿಸಿದೆವು ಎನ್ನುವುದಕ್ಕಿಂತ ರೇಶ್ಮಾ ಅವರನ್ನು ಒಬ್ಬೊಬ್ಬರನ್ನಾಗಿ ಆರಿಸಿ ಹಾಕಿದಳು.

ಆಟ ಮುಗಿದದ್ದೇ ಮುದ್ದೇಬಿಹಾಳದ ನಾಯಕ ಸಂಗಮೇಶ ಎದ್ದು ನಿಂತ. ಎತ್ತರದ ಆಳು, ಮಾತು ಕಡಿಮೆ. ಗೋಡೆಯ ಹಿಂದಿದ್ದವರನ್ನೂ ತೋರಿಸುವ ಕಳ್ಳ ಸಾಫ್ಟ್‌ವೇರ್ ಇವಳ ಮಷೀನಿನಲ್ಲಿದೆ, ಇಲ್ಲದಿದ್ದರೆ ನಮ್ಮವರು ತಲೆ ಎತ್ತುವ ಮೊದಲೇ ಅಲ್ಲಿಗೆ ಗುರಿ ಹೇಗೆ ಹೋಗುತ್ತದೆ ಎಂದು ಕೇಳಿದ. ನಿರ್ಣಾಯಕರಾಗಿದ್ದ ಡಿಪ್ಲೊಮಾ ಕಾಲೇಜಿನ ಮಾಸ್ತರು ರೇಶ್ಮಾಳನ್ನು ಕರೆದು, ಹೇಗೆ ಕಂಡಿತು ಹೇಳಮ್ಮ ಎಂದರು.

"ಕಾಣತೈತ್ರಿ," ಎಂದಳು ರೇಶ್ಮಾ.

"ಹ್ಯಾಂಗ ಕಾಣತೈತಿ?"

"ಅದು ಗೊತ್ತಿಲ್ರಿ. ಅಲ್ಲಿ ಯಾರೋ ಅದಾರ ಅನಸ್ತೈತಿ, ಅಷ್ಟ."

ಇಡೀ ಹಾಲ್ ನಕ್ಕಿತು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಅವಳ ಗುರಿ ಗೋಡೆಯ ಮೇಲೆ ತೂಗಾಡಿ ನಿಲ್ಲುವ ದೃಶ್ಯವನ್ನೂ ಜೋಡಿಸಿ, "ಇಂಡಿ ಕಳ್ಳಿ" ಎಂದು ಹೆಸರು ಕೊಟ್ಟು ಹರಿಬಿಟ್ಟರು. ನಾವು ಇಂಡಿ ಮುಟ್ಟುವಷ್ಟರಲ್ಲಿ ಅದು ನಮಗಿಂತ ಮೊದಲೇ ಮುಟ್ಟಿತ್ತು. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಆಟದಲ್ಲಿ ಮೋಸ ಮಾಡುವವರು ನಮ್ಮ ಮಕ್ಕಳ ಕಂಪ್ಯೂಟರ್ ಪರೀಕ್ಷೆ ಹೇಗೆ ನಡೆಸುತ್ತಾರೆ ಎಂದು ಕೇಳಿದರು. ಕೇಳಿದ್ದು ಒಬ್ಬರು, ಹೆಬ್ಬೆರಳು ಎತ್ತಿದವರು ಬಹಳ ಜನ. ಹೆಡ್‌ಮಾಸ್ತರು ಅವಳನ್ನು ಒಳಗೆ ಕರೆದು, ದಸರೆ ಸೂಟಿ ಮುಗಿಯುವುದರೊಳಗೆ ಇದು ಸುಳ್ಳೆಂದು ತೋರಿಸಿಕೊಂಡು ಬಾ, ಇಲ್ಲದಿದ್ದರೆ ಬರುವುದೇ ಬೇಡ ಎಂದುಬಿಟ್ಟರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಂತಿಮ ಸುತ್ತಿಗೆ ಮತ್ತೆ ಎದುರಾದದ್ದು ಮುದ್ದೇಬಿಹಾಳದವರೇ. ನಮಗೆ ಸೋತ ಮೇಲೂ ಉಳಿದವರನ್ನೆಲ್ಲ ಸೋಲಿಸಿ ಬಂದಿದ್ದರು. ವಿಜಯದಶಮಿಯ ದಿನ, ಬಸವನ ಬಾಗೇವಾಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಆಟ. ಮಾಸ್ತರು ನಿಯಮ ಹೇಳಿ ಕಳಿಸಿದರು: ಎಲ್ಲರ ಮಷೀನುಗಳನ್ನೂ ಬಂದ ಕೂಡಲೇ ತಪಾಸಣೆ ಮಾಡಲಾಗುವುದು, ತಪಾಸಣೆ ಆದ ಮೇಲೆ ಆಟ ಮುಗಿಯುವವರೆಗೆ ಯಾವ ಸೆಟಿಂಗನ್ನೂ ಮುಟ್ಟುವಂತಿಲ್ಲ, ತಾವೇ ರೇಶ್ಮಾಳ ಬೆನ್ನ ಹಿಂದೆ ಕೂತು ನೋಡುತ್ತಾರೆ. ನ್ಯಾಯವಾದ ಮಾತು. ನಾವು ಖುಷಿಯಾಗಿಯೇ ಒಪ್ಪಿದೆವು.

ಹಿಂದಿನ ದಿನ ಖಂಡೇಪೂಜೆ. ದಸ್ತಗೀರ ಪ್ರತಿ ಮಷೀನಿನ ಹೊಟ್ಟೆ ಬಿಚ್ಚಿ ಬ್ಲೋವರ್ ಹಿಡಿದು ಧೂಳು ಹಾರಿಸಿದ. ಡ್ರೈವರ್ ಹಾಕುವುದು ಪ್ರತಿವರ್ಷದಂತೆ ರೇಶ್ಮಾಳ ಕೆಲಸ. ಆ ಸಲ ಬಂದ ಡ್ರೈವರಿನಲ್ಲಿ ಒಂದು ದೊಡ್ಡ ಸುಧಾರಣೆಯಿತ್ತು. ಪರದೆಯ ಮೇಲಿನ ಚಿತ್ರವೆಲ್ಲ ಸಣ್ಣ ಸಣ್ಣ ಚೌಕಗಳಿಂದ ಆದದ್ದು. ಓರೆಯಾದ ಗೆರೆ ಬಂತೆಂದರೆ ಅದು ಮೆಟ್ಟಿಲು ಮೆಟ್ಟಿಲಾಗಿ, ಗರಗಸದ ಹಲ್ಲಿನಂತೆ ಕಾಣುತ್ತದೆ. ಆಡುವವನು ಅತ್ತಿತ್ತ ಸರಿದರೆ ಆ ಮೆಟ್ಟಿಲುಗಳೂ ಸರಿದು, ದೂರದ ಗೋಡೆಗಳ ಅಂಚಿನಲ್ಲಿ ಹುಳು ಹರಿದಾಡಿದ ಹಾಗೆ ಮಿಣಿಮಿಣಿ ಮಾಡುತ್ತವೆ. ಅಂಚನ್ನು ನುಣುಪು ಮಾಡಿ ಇದನ್ನು ತಿದ್ದುವ ಕೆಲಸಕ್ಕೆ ಆಂಟಿ-ಅಲಿಯಾಸಿಂಗ್ ಎನ್ನುತ್ತಾರೆ. ನಮ್ಮ ಹಳೆಯ ಕಾರ್ಡುಗಳಿಗೆ ಅದು ಭಾರ, ಹಾಕಿದರೆ ಆಟ ಎಡವುತ್ತಿತ್ತು. ಹಾಗಾಗಿ ನಮ್ಮ ಗೋಡೆಗಳಿಗೆಲ್ಲ ಮೊದಲಿನಿಂದಲೂ ಹುಳು ಹತ್ತಿತ್ತು. ಹೊಸ ಡ್ರೈವರು ಹಳೆಯ ಕಾರ್ಡಿಗೂ ಭಾರವಾಗದಂತೆ, ಆಟವನ್ನು ಕೇಳದೆ ತಾನೇ ಎಲ್ಲ ಅಂಚುಗಳನ್ನೂ ನುಣುಪು ಮಾಡುತ್ತಿತ್ತು.

ಆಟ ತೆರೆದು ನೋಡಿದರೆ ಗೋಡೆ, ತಂತಿ, ಮಾಳಿಗೆ ಎಲ್ಲ ಬೆಣ್ಣೆ ಸವರಿದ ಹಾಗೆ. ನಾನು ಮದುಮಗನ ತಂದೆಯಂತೆ ಒಂದೊಂದೇ ಪರದೆಯ ಮುಂದೆ ನಿಂತು ಮುಂದಕ್ಕೆ ಹೋದೆ. ನಾಳೆ ಬಾಗೇವಾಡಿಯಲ್ಲಿ ನಮ್ಮ ಮಷೀನುಗಳ ಚಂದ ನೋಡಿಯೇ ಅವರು ಹೆದರಬೇಕು ಎಂದೆ. ರೇಶ್ಮಾ ತನ್ನ ಮಷೀನಿನ ಮುಂದೆ ಕೂತು ಸ್ವಲ್ಪ ಹೊತ್ತು ಆಡಿದಳು. ಕಣ್ಣು ಒರೆಸಿಕೊಂಡು ಮತ್ತೆ ಆಡಿದಳು. ಅಷ್ಟರಲ್ಲಿ ತಾಯಿ ಆರತಿ ತಟ್ಟೆ ಹಿಡಿದು ಬಂದು, ಸಾಕು ಬಂದ್ ಮಾಡ್ರಿ ಎಂದಳು. ದಸ್ತಗೀರ ಮೂಲೆಯಲ್ಲಿ ಲೋಬಾನ ಹಾಕಿದ. ಮಷೀನುಗಳು ಆರಿದವು.

ಬೆಳಿಗ್ಗೆ ಮಷೀನುಗಳನ್ನು ಕೌದಿಯಲ್ಲಿ ಸುತ್ತಿ ಟೆಂಪೋದಲ್ಲಿ ಏರಿಸಿ ಹೊರಟೆವು. ಜಿಟಿಜಿಟಿ ಮಳೆ. ದೇವರ ಹಿಪ್ಪರಗಿ ದಾಟಿ ಡೋಣಿ ಹೊಳೆಯ ಹತ್ತಿರ ಬಂದರೆ ತಗ್ಗು ಸೇತುವೆಯ ಮೇಲೆ ನೀರು. ಈಚೆ ಕಡೆ ಗಾಡಿಗಳ ಸಾಲು. ಇಳಿಯುತ್ತದೆ, ತಡೀರಿ ಎಂದರು ಅಲ್ಲಿನವರು. ನೀರು ಕಂದು ಬಣ್ಣದ್ದು, ಬೇಲಿ ಮುಳ್ಳು ಹೊತ್ತುಕೊಂಡು ಓಡುತ್ತಿತ್ತು. ನಾನು ಗಡಿಯಾರ ನೋಡುತ್ತ, ಹೊಳೆಯನ್ನು ಬಯ್ಯುತ್ತ ನಿಂತಿದ್ದೆ. ರೇಶ್ಮಾ ಟೆಂಪೋದಿಂದ ಇಳಿದು ಪಕ್ಕಕ್ಕೆ ಬಂದಳು.

"ಕಾಕಾ, ನಿನ್ನೆ ಆಡಿದ್ನೆಲ್ರಿ, ನಂಗ ದೂರದ್ದು ಏನೂ ಕಾಣಲಿಲ್ಲ."

"ಅಷ್ಟು ಛಂದ ಕಾಣ್ತಿತ್ತಲ್ಲ ಎಲ್ಲಾ?"

"ಛಂದ ಆಗೇತಿ, ಅದಕ್ಕ ಕಾಣವಲ್ದು. ರಾತ್ರಿಯೆಲ್ಲಾ ವಿಚಾರ ಮಾಡಿದ್ನಿ. ನಾ ಮನಷ್ಯಾನ್ನ ನೋಡತಿದ್ದಿಲ್ರಿ ಕಾಕಾ, ಹುಳಾ ನೋಡತಿದ್ನಿ."

ಆಮೇಲೆ ಬಿಡಿಸಿ ಹೇಳಿದಳು. ಮೌಸನ್ನು ಮೆಲ್ಲಗೆ ತೂಗಿದರೆ ದೂರದ ಗೋಡೆಯ ಅಂಚು ಉದ್ದಕ್ಕೂ ಹರಿದಾಡುತ್ತದೆ. ಆ ಅಂಚಿಗೆ ಯಾರಾದರೂ ನೆತ್ತಿ ತಾಗಿಸಿ ಕೂತಿದ್ದರೆ, ಆ ತಲೆ ಎಷ್ಟೇ ಸಣ್ಣದಾಗಿರಲಿ, ಬಣ್ಣ ಗೋಡೆಯದ್ದೇ ಆಗಿರಲಿ, ಅಷ್ಟು ಜಾಗದಲ್ಲಿ ಹರಿದಾಟ ತುಂಡಾಗುತ್ತದೆ. ಅವಳ ಕಣ್ಣಿಗೆ ಅದು ರೂಢಿಯಾಗಿತ್ತು, ಬುದ್ಧಿಗೆ ಗೊತ್ತಿರಲಿಲ್ಲ. ಹೊಸ ಡ್ರೈವರು ಹುಳುವನ್ನು ಅಳಿಸಿಹಾಕಿದ ಮೇಲೆಯೇ, ಇಷ್ಟು ದಿನ ತಾನು ಏನು ನೋಡುತ್ತಿದ್ದೆ ಎನ್ನುವುದು ಅವಳಿಗೆ ಹೊಳೆದದ್ದು.

ಇದು ಸೋಲು ಗೆಲುವಿನ ಮಾತಲ್ಲ. ಬೆನ್ನ ಹಿಂದೆ ನಿರ್ಣಾಯಕರು ಕೂತ ದಿನವೇ ಇವಳ ಗುರಿ ತಪ್ಪಿದರೆ, ನೋಡಿ, ಕಳ್ಳ ಸಾಫ್ಟ್‌ವೇರ್ ಇಲ್ಲದಿದ್ದರೆ ಇವಳ ಹಣೆಬರಹ ಇಷ್ಟೇ ಎನ್ನುತ್ತದೆ ಜಗತ್ತು. ತಾಯಿಯ ಕಟ್ಟಳೆಯಂತೆ ಊರ ಗಡಿ ದಾಟಿ ಆಗಿದೆ, ಅಲ್ಲಿ ಹೋದ ಕೂಡಲೇ ಮಷೀನು ಹಚ್ಚಿ, ತಪಾಸಣೆಗೆ ಮೊದಲೇ ಆ ನುಣುಪಿನ ಸೆಟಿಂಗ್ ತೆಗೆದುಬಿಡೋಣ ಎಂದೆ. ಅವಳು ಹೂಂ ಎಂದಳು. ಕಣ್ಣು ಹೊಳೆಯ ಮೇಲೆಯೇ ಇತ್ತು.

ಡೋಣಿ ನಮ್ಮ ಮಾತು ಕೇಳಲಿಲ್ಲ. ನೀರಿಳಿದು, ನಾವು ದಾಟಿ, ಬಾಗೇವಾಡಿಯ ಕಾರ್ಯಾಲಯದ ಮುಂದೆ ನಿಂತಾಗ ಎಲ್ಲರೂ ನಮಗಾಗಿ ಕಾಯುತ್ತಿದ್ದರು. ಕೌದಿ ಬಿಚ್ಚಿದ ಮಷೀನುಗಳು ನೇರ ತಪಾಸಣೆಯ ಮೇಜಿಗೇ ಹೋದವು. ಮಾಸ್ತರು ಒಂದೊಂದನ್ನೂ ಜಾಲಾಡಿಸಿ, ಏನೂ ಇಲ್ಲ, ಚೊಕ್ಕ ಇವೆ ಎಂದರು. ನನಗೆ ಉಸಿರು ಬಂತು. ಸಂಗಮೇಶ ದೂರದಿಂದಲೇ, ಇವತ್ತು ಇರುವುದಿಲ್ಲ ಬಿಡ್ರಿ, ತೆಗೆದುಕೊಂಡೇ ಬಂದಿರುತ್ತಾರೆ ಎಂದ. ಬಂದ ಉಸಿರು ಮತ್ತೆ ಹೋಯಿತು.

ಮೂರು ಆಟದಲ್ಲಿ ಎರಡು ಗೆದ್ದವರು ಗೆದ್ದಂತೆ. ಮೊದಲ ಆಟದಲ್ಲಿ ರೇಶ್ಮಾ ಕುರುಡಿಯಂತೆ ಆಡಿದಳು. ಗುರಿ ಮಾಳಿಗೆಯ ಮೇಲೆ ತೂಗುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಅವರು ಎದ್ದು ಹೊಡೆದ ಮೇಲೆಯೇ ಇವಳಿಗೆ ಕಾಣುತ್ತಿತ್ತು. ಮಾಸ್ತರು ಅವಳ ಹಿಂದೆ ಕೂತು ತಲೆ ಅಲ್ಲಾಡಿಸಿದ್ದನ್ನು ನಾನು ನೋಡಿದೆ, ಎಲ್ಲರೂ ನೋಡಿದರು. ಹಿಂದಿನ ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಮತ್ತೆ ಮೊಬೈಲುಗಳು ಮೇಲೆದ್ದವು. ಆಟ ಹೋಯಿತು, ಕೆಟ್ಟದಾಗಿ ಹೋಯಿತು. ದಸ್ತಗೀರ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ.

ರೇಶ್ಮಾ ಹೆಡ್‌ಫೋನ್ ತೆಗೆದಿಟ್ಟು ಎದ್ದಳು. ಅಳುತ್ತಾಳೆ ಎಂದುಕೊಂಡೆ. ಅವಳು ಮಾಸ್ತರ ಕಡೆ ತಿರುಗಿದಳು.

"ಸರ್, ನಾ ಹ್ಯಾಂಗ ನೋಡತಿದ್ನಿ ಅಂತ ಇವತ್ತ ಹೇಳತೇನಿ. ನನ್ನ ಮಷೀನ್ ಮುಟ್ಟೂದ ಬ್ಯಾಡ್ರಿ. ನಿಮ್ಮ ದೊಡ್ಡ ಪಡದೆಕ್ಕ ಹಚ್ಚೀರಲ್ಲ, ಆ ಮಷೀನ್ ಮ್ಯಾಲ ತೋರಸ್ತೇನಿ. ಅವರ ಮಂದಿಗೇ ಎಲ್ಲಿ ಬೇಕಲ್ಲಿ ಅಡಗಾಕ ಹೇಳ್ರಿ."

ಮಂದಿಗೆ ಆಟ ತೋರಿಸಲೆಂದು ಕಾರ್ಯಾಲಯದವರು ಪ್ರೊಜೆಕ್ಟರಿಗೆ ಜೋಡಿಸಿದ್ದ ಮಷೀನು ಅದು. ಮದುವೆಯ ವಿಡಿಯೋ ಓಡಿಸುತ್ತ ಮುದಿಯಾಗಿದ್ದ ಅದರ ಡ್ರೈವರನ್ನು ಹುಟ್ಟಿದಾಗಿನಿಂದ ಯಾರೂ ಬದಲಿಸಿರಲಿಲ್ಲ. ದಸ್ತಗೀರ ಧಾವಿಸಿ ಬಂದು ಅವಳ ತೋಳು ಹಿಡಿದ.

"ತೋರಿಸಿಬಿಟ್ರ ಮುಂದಿನ ಆಟಕ್ಕ ನಿನ್ನ ಕೈಯಾಗ ಏನ ಉಳಿತೈತಿ?"

"ಹೆಸರ ಉಳಿತೈತಿ, ಮಾಮು."

ಮಾಸ್ತರು ಒಪ್ಪಿದರು. ಸಂಗಮೇಶ ತಾನೇ ಅಡಗುತ್ತೇನೆ ಎಂದು ತನ್ನ ಮಷೀನಿನ ಮುಂದೆ ಕೂತ. ದೊಡ್ಡ ಪರದೆಯ ಮೇಲೆ ಆ ಪಾಳುಪಟ್ಟಣ ಕಾಣಿಸಿತು, ಹರಕು ಮುರುಕು ಅಂಚುಗಳೊಂದಿಗೆ. ರೇಶ್ಮಾ ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಮೌಸು ಹಿಡಿದು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳತೊಡಗಿದಳು. ಆ ಉದ್ದನೆಯ ಮಾಳಿಗೆ ನೋಡ್ರಿ, ಅದರ ಅಂಚು ಹರಿದಾಡುತ್ತಿದೆಯಲ್ಲ, ಮನುಷ್ಯನನ್ನು ಹುಡುಕಬೇಡಿ, ಆ ಹುಳು ಎಲ್ಲಿ ನಿಲ್ಲುತ್ತದೆ ಅಷ್ಟೇ ನೋಡಿ. ಗುರಿ ಅಂಚಿನ ಮೇಲೆ ತೂಗುತ್ತ ಹೋಯಿತು. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ದೀಪ ಆರಲಿಲ್ಲ. ಅವಳು ಒಂದು ಕಡೆ ನಿಲ್ಲಿಸಿ, ಇಲ್ಲಿ, ಎಂದಳು. ಸಂಗಮೇಶ ಅಲ್ಲಿಂದಲೇ ಎದ್ದು ನಿಂತ.

ಮತ್ತೊಮ್ಮೆ ಅಡಗಲು ಹೇಳಿದರು. ಈ ಸಲ ಅವಳು ಬಾಯಿ ಬಿಡುವ ಮೊದಲೇ ಹಿಂದಿನ ಸಾಲಿನಿಂದ ಯಾರೋ ಹೇಳಿದರು, "ನೀರಿನ ಟಾಕಿ ಬಾಜೂಕ ನೋಡ್ರಿ, ಅಲ್ಲೆ ನಿಂತೈತಿ ಹುಳಾ." ಅಲ್ಲಿಯೇ ಇದ್ದ. ಮೂರನೆಯ ಸಲ ಅರ್ಧ ಹಾಲ್ ಬೆರಳು ತೋರಿಸುತ್ತಿತ್ತು. ರೇಶ್ಮಾ ಮೈಕು ಕೆಳಗಿಟ್ಟಳು. ನಮ್ಮ ಮಷೀನಿನಲ್ಲಿ ಅದೇ ಗೋಡೆ ಬೆಣ್ಣೆಯಂತೆ ಸಪಾಟಾಗಿರುವುದನ್ನು ಮಾಸ್ತರು ಹೋಗಿ ನೋಡಿ ಬಂದು, ಇದರಲ್ಲಿ ಮೋಸ ಇಲ್ಲ, ಇದು ಕಣ್ಣು, ಎಂದರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಕೊಳ್ಳಲಿಲ್ಲ.

ಇನ್ನೂ ಆಟ ಉಳಿದಿತ್ತು. ಸಂಗಮೇಶ ಎದ್ದು, ಅವರ ಮಷೀನಿನ ಆ ಸೆಟಿಂಗ್ ತೆಗೆಸಿರಿ, ನಮ್ಮದೂ ತೆಗೆಯುತ್ತೇವೆ, ಎರಡೂ ಕಡೆ ಒಂದೇ ಆಗಲಿ ಎಂದ. ಎರಡೂ ತಂಡ ಒಪ್ಪಿದ್ದರಿಂದ ಮಾಸ್ತರು ಆಗಲಿ ಎಂದರು. ಹುಳುಗಳು ಮರಳಿ ಬಂದವು. ಎರಡನೆಯ ಆಟ ನಮ್ಮದಾಯಿತು. ಮೂರನೆಯದರಲ್ಲಿ ಕೊನೆಗೆ ಉಳಿದವರು ಇಬ್ಬರೇ, ಈ ಕಡೆ ರೇಶ್ಮಾ, ಆ ಕಡೆ ಸಂಗಮೇಶ. ಅವಳು ಒಂದು ಮುರಿದ ಗೋಡೆಯ ಅಂಚಿನಲ್ಲಿ ನೆತ್ತಿಯಷ್ಟೇ ಕಾಣುವಂತೆ ಕೂತಿದ್ದಳು. ಅವನ ಪರದೆಯ ಮೇಲೆ ಗುರಿ ಮೆಲ್ಲಗೆ ಅತ್ತಿತ್ತ ತೂಗಿತು. ಒಂದು ಕಡೆ ಗಪ್ಪನೆ ನಿಂತಿತು.

ಅವಳು ಬಿದ್ದಳು. ನಾವು ಸೋತೆವು. ಸೋತ ಮೇಲೆ ಅವಳು ನಕ್ಕದ್ದು ನನಗೆ ಅವತ್ತು ಅರ್ಥವಾಗಲಿಲ್ಲ. ಅವಳು ಹೇಳಿಕೊಟ್ಟದ್ದನ್ನು ಒಬ್ಬ ಸರಿಯಾಗಿ ಕಲಿತಿದ್ದ, ಅದೂ ಅವಳನ್ನು ಕಳ್ಳಿ ಎಂದವನೇ. ಟೀಚರ್ ಆದವಳಿಗೆ ಅದರಲ್ಲಿ ಒಂದು ಸುಖ ಇರಬಹುದು.

ಸಂಜೆ ಮಳೆ ನಿಂತಿತ್ತು. ಕಾರ್ಯಾಲಯದ ಅಂಗಳದಲ್ಲಿ ಮಂದಿ ಒಬ್ಬರಿಗೊಬ್ಬರು ಬಂಗಾರವೆಂದು ಬನ್ನಿಯ ಎಲೆ ಕೊಟ್ಟು ಅಪ್ಪಿಕೊಳ್ಳುತ್ತಿದ್ದರು. ನಾವು ಮಷೀನುಗಳಿಗೆ ಮತ್ತೆ ಕೌದಿ ಸುತ್ತುತ್ತಿದ್ದೆವು. ಸಂಗಮೇಶ ಬನ್ನಿಯ ಎಲೆ ಹಿಡಿದು ರೇಶ್ಮಾಳ ಮುಂದೆ ಬಂದು ನಿಂತ. ಗೆದ್ದ ಮುಖವಲ್ಲ ಅದು.

"ಅಕ್ಕಾರ, ಬಂಗಾರ ತಗೋರಿ. ನಾ ಹೊಲಸ ಮಾತ ಆಡಿದ್ನಿ. ಆ ವಿಡಿಯೋ ತಿರುಗಿ ತರಾಕ ನನ್ನ ಕೈಲೆ ಆಗೂದಿಲ್ರಿ. ಅದು ಎಲ್ಲೆಲ್ಲಿ ಹೋಗತೈತಿ, ಅಲ್ಲೆಲ್ಲಾ ನಾ ಹಿಂದ ಹೋಗಿ ಸುಳ್ಳ ಅಂತ ಹೇಳತೇನಿ."

ರೇಶ್ಮಾ ಎಲೆಗಳನ್ನು ತೆಗೆದುಕೊಂಡಳು. "ಬಂಗಾರ ಅಂತ ಕೊಟ್ಟಿಯಪಾ, ಹುಸಿ ಆಗಬಾರದು ನೋಡು," ಎಂದಳು.

ಸೂಟಿ ಮುಗಿದ ಮೇಲೆ ಅವಳು ಶಾಲೆಗೆ ಹೋದಳು. ಮಾಸ್ತರು ಹೆಡ್‌ಮಾಸ್ತರಿಗೆ ಫೋನ್ ಮಾಡಿದ್ದರು. ಅಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಆದರೆ "ಇಂಡಿ ಕಳ್ಳಿ" ಗಿಡ್ಡ ವಿಡಿಯೋ, ಚಹಾ ಆರುವುದರೊಳಗೆ ನೋಡಿ ಮುಗಿಯುತ್ತದೆ. ಬಾಗೇವಾಡಿಯಲ್ಲಿ ಅವಳು ಪಾಠ ಮಾಡಿದ್ದು ಉದ್ದನೆಯದು, ಅದನ್ನು ಯಾರೂ ಮುಂದೆ ಕಳಿಸಲಿಲ್ಲ. ಸುಳ್ಳು ಇನ್ನೂ ತಿರುಗುತ್ತಲೇ ಇದೆ. ಹೊಸ ಪಾಲಕರು ಬಂದಾಗೊಮ್ಮೆ, ಹೊಸ ಹುಡುಗರು ಆಟಕ್ಕೆ ಸೇರಿದಾಗೊಮ್ಮೆ ಎಲ್ಲೋ ಒಂದು ಕಡೆ ತಲೆ ಎತ್ತುತ್ತದೆ. ನಾಲ್ಕೂ ಊರಿನ ಹುಡುಗರು ಈಗ ನುಣುಪಿನ ಸೆಟಿಂಗ್ ತೆಗೆದೇ ಆಡುತ್ತಾರೆ, ಅದಕ್ಕೆ "ಟೀಚರ್ ಸೆಟಿಂಗ್" ಎಂದೇ ಹೆಸರು. ಆ ಟೀಚರ್ ಮಾತ್ರ ತನ್ನ ಮಷೀನಿನಲ್ಲಿ ನುಣುಪು ಹಾಕಿಕೊಂಡೇ ಕೂರುತ್ತಾಳೆ. ಯಾಕೆ ಎಂದು ಕೇಳಿದ್ದೆ. ಹುಳು ಕಂಡರೆ ಅಲ್ಲಿ ಯಾರೋ ನನಗಾಗಿ ಕಾಯುತ್ತಿದ್ದಾರೆ ಅನ್ನಿಸುತ್ತದೆ, ಸಾಕಾಗಿದೆ ಎಂದಳು.

ಈ ಸಲದ ಖಂಡೇಪೂಜೆಗೂ ಡ್ರೈವರ್ ಹಾಕಿದ್ದು ಅವಳೇ. ಲೋಬಾನದ ಹೊಗೆಯಲ್ಲಿ ನಾನು ಕೆಮ್ಮುತ್ತ ಕೂತಿದ್ದಾಗ ಫೋನ್ ಗುಂಯ್‌ಗುಟ್ಟಿತು. ನಾಲ್ಕೂ ಊರಿನ ಆಟಗಾರರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೊಸಬ ಅದೇ ವಿಡಿಯೋ ಹಾಕಿ, ಇವರು ಈಗಲೂ ಆಡುತ್ತಾರಾ ಎಂದು ಕೇಳಿದ್ದ. ನನ್ನ ನೆತ್ತಿಗೆ ಸಿಟ್ಟೇರಿತು. ಬಯ್ಗುಳ ಹುಡುಕಿ ಟೈಪ್ ಮಾಡುತ್ತಿದ್ದೆ. ಅರ್ಧವೂ ಆಗಿರಲಿಲ್ಲ, ಅದರ ಕೆಳಗೆ ಮುದ್ದೇಬಿಹಾಳದಿಂದ ಉತ್ತರ ಬಂದಿತ್ತು: "ಇದು ಸುಳ್ಳ. ಈ ಸುಳ್ಳ ಹೇಳಿದಾಂವ ನಾನ, ಸಂಗಮೇಶ."

ನಾನು ಫೋನನ್ನು ರೇಶ್ಮಾಳ ಮುಂದೆ ಹಿಡಿದೆ. ಅವಳು ಓದಿದಳು, ಇನ್ನೊಮ್ಮೆ ಓದಿದಳು.

"ಈ ಸಲಾನೂ ನಿಮಗಿಂತ ಮೊದ್ಲ ಬಂದಾನ ನೋಡ್ರಿ, ಕಾಕಾ," ಎಂದು ಮುಂದಿನ ಮಷೀನಿಗೆ ಹೂವು ಏರಿಸಿದಳು.